ಒಂದು ಸೈಜ್ ದೊಡ್ಡ ಮದರ್‌ಬೋರ್ಡ್

ಜನವರಿಯ ಒಂದು ಶನಿವಾರ, ಇನ್ನೇನು ಮಧ್ಯಾಹ್ನದ ಊಟದ ಹೊತ್ತು. ನಂದಾ ಮೆಟ್ಟಿಲ ಕೆಳಗಿನ ಕ್ಲಾಸೆಟ್ಟಿನಿಂದ ಅಕ್ಕಿ ಚೀಲ, ಜೋಳದ ಹಿಟ್ಟಿನ ಚೀಲ, ವ್ಯಾಕ್ಯೂಮ್ ಕ್ಲೀನರ್, ಯಾರೂ ಹಾಕಿಕೊಳ್ಳದ ಹಳೆಯ ಕೋಟುಗಳು ಎಲ್ಲವನ್ನೂ ಹೊರಗೆಳೆದು ಪಡಸಾಲೆಯ ನಡುವೆ ಗುಡ್ಡೆ ಹಾಕಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವಳ ಅತ್ತೆ ಶೈಲಮ್ಮ ಸಪ್ಪಳ ಕೇಳಿ ಹಿಟ್ಟಿನ ಕೈಯಲ್ಲೇ ಬಂದು ನಿಂತರು.

"ಏನವಾ ಇದು? ಒಳಗ ಇಲಿ ಸೇರ್ಯಾವೇನು?"

"ಇಲಿ ಅಲ್ರೀ ಅತ್ತಿ, ನಾ ಸೇರ್ತೇನಿ. ಇನ್ನಮ್ಯಾಲೆ ಇಲ್ಲಿ ಕುಂತು ಕೆಲಸಾ ಮಾಡಾಕಿ."

"ಯಾಕ, ಇಷ್ಟು ದೊಡ್ಡ ಮನ್ಯಾಗ ನಿನಗ ಕುಂದರಾಕ ಜಾಗಾ ಇಲ್ಲೇನು?"

ನಂದಾ ನಕ್ಕು ಅಳತೆಯ ಟೇಪು ಬಿಚ್ಚಿದಳು. ಆ ನಗು ಶೈಲಮ್ಮನವರಿಗೆ ಸರಿ ಬರಲಿಲ್ಲ.

ಕೆಂಡಲ್ ಪಾರ್ಕಿನ ಆ ಟೌನ್‌ಹೌಸಿನಲ್ಲಿ ಜಾಗಕ್ಕೇನೂ ಬರವಿರಲಿಲ್ಲ. ಆದರೆ ಪ್ರತಿ ಜಾಗಕ್ಕೂ ಒಬ್ಬರು ಯಜಮಾನರಿದ್ದರು. ಮೇಲಿನ ಒಂದು ಕೋಣೆ ನಂದಾಳ ಗಂಡ, ಶೈಲಮ್ಮನವರ ಮಗ ಬಸವಪ್ರಸಾದನ ಆಫೀಸು. ಬಾಗಿಲು ಹಾಕಿದರೆ ಮುಗಿಯಿತು, ಒಳಗೆ ಮೀಟಿಂಗು. ಇನ್ನೊಂದು ಕೋಣೆ ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಸಿರಿಯದು. ಅಲ್ಲಿ ಕಾಲಿಡಲು ನೆಲ ಕಂಡರೆ ತಾನೇ. ಕೆಳಗಿನ ಕೋಣೆ ಸ್ವತಃ ಶೈಲಮ್ಮನವರದು. ಊಟದ ಟೇಬಲ್ಲು ಎಲ್ಲರದೂ. ಅಂದರೆ ಅದರ ಮೇಲೆ ಏನನ್ನು ಹರಡಿದರೂ ನಾಷ್ಟಾಕ್ಕೊಮ್ಮೆ, ಊಟಕ್ಕೊಮ್ಮೆ, ಸಿರಿಯ ಹೋಮ್‌ವರ್ಕಿಗೊಮ್ಮೆ ಎತ್ತಿಡಬೇಕು. ಬಿಟ್ಟ ಕೆಲಸ ಬಿಟ್ಟಲ್ಲೇ ಇರುವಂಥ ಒಂದು ಮೊಳ ಜಾಗ ನಂದಾಳಿಗೆ ಬೇಕಾಗಿತ್ತು.

ಊಟಕ್ಕೆ ಕೂತಾಗ ಪೂರ್ತಿ ಸುದ್ದಿ ಹೊರಬಿತ್ತು. ನಂದಾಳ ಗೆಳತಿ ಮೈಸೂರಿನ ಮಂಜರಿ ಎಡಿಸನ್ನಿನಲ್ಲಿ ಹಳೆಯ ಅಡುಗೆಮನೆಗಳನ್ನು ಹೊಸದು ಮಾಡಿಕೊಡುವ ವ್ಯವಹಾರ ನಡೆಸುತ್ತಿದ್ದಳು. ಗಿರಾಕಿಗಳ ಅಡುಗೆಮನೆಯ ಅಳತೆ ತೆಗೆದು, ಕಪಾಟು ಎಲ್ಲಿ, ಸಿಂಕು ಎಲ್ಲಿ, ಒಲೆ ಎಲ್ಲಿ ಎಂದು ಕಂಪ್ಯೂಟರಿನಲ್ಲಿ ಬರೆದು ತೋರಿಸುವವರು ಅವಳಿಗೆ ಬೇಕಾಗಿದ್ದರು. ಮದುವೆಗೆ ಮುಂಚೆ ಹುಬ್ಬಳ್ಳಿಯ ಆರ್ಕಿಟೆಕ್ಟ್ ಒಬ್ಬರ ಆಫೀಸಿನಲ್ಲಿ ನಂದಾ ಮಾಡುತ್ತಿದ್ದದ್ದು ಇಂಥದೇ ಕೆಲಸ. ಇಲ್ಲಿಗೆ ಬಂದ ಮೇಲೆ ಮೊದಲು ವೀಸಾ ಬಿಡಲಿಲ್ಲ, ಆಮೇಲೆ ಸಿರಿ ಹುಟ್ಟಿದಳು, ಆಮೇಲೆ ಮಾವ ತೀರಿಕೊಂಡು ಶೈಲಮ್ಮ ಬಂದರು. ಈಗ ಮಾರ್ಚಿಗೆ ಮಂಜರಿ ಎರಡು ಅಡುಗೆಮನೆ ಕೊಡುತ್ತಾಳೆ. ಅವು ಚೆನ್ನಾಗಿ ಬಂದರೆ ಕೆಲಸ ಖಾಯಂ, ಇಲ್ಲದಿದ್ದರೆ ಮಂಜರಿ ಬೇರೆಯವರನ್ನು ನೋಡಿಕೊಳ್ಳುತ್ತಾಳೆ.

"ನನ್ನ ಹಳೇ ಲ್ಯಾಪ್‌ಟಾಪ್ ಐತಲ್ಲ," ಎಂದ ಪ್ರಸಾದ, ಎಣ್ಣೆಗಾಯಿಯ ಮಸಾಲೆಯನ್ನು ರೊಟ್ಟಿಗೆ ಬಳಿಯುತ್ತ.

"ಅದರಾಗ ಒಂದು ಕಪಾಟಿನ ಬಾಗಲಾ ತಿರುಗಿಸಿ ನೋಡೂದ್ರಾಗ ನನ್ನ ಚಾ ಆರಿ ಹೋಗತೈತ್ರೀ."

"ಅಮ್ಮ ಈಸ್ ಬಿಲ್ಡಿಂಗ್ ಹರ್ ಓನ್ ಪಿಸಿ, ಅಪ್ಪ," ಎಂದಳು ಸಿರಿ. "ಪಾರ್ಟ್ಸ್ ತಂದು ನಾವೇ ಜೋಡಿಸ್ತೀವಿ. ಐ ಆಮ್ ಹೆಲ್ಪಿಂಗ್."

ಪ್ರಸಾದ ನಕ್ಕ. "ಆಯ್ತು, ಪಾರ್ಟ್ಸ್ ಯಾವು ಅಂತ ನಾ ನೋಡ್ತೇನಿ ಬಿಡ್ರಿ."

ಈ ಪ್ರಸಾದನ ವಿಷಯ ಒಂದು ಮಾತು ಹೇಳಬೇಕು. ಅವನು ಐಟಿಯವನು. ಪ್ರಿನ್ಸ್‌ಟನ್ನಿನ ವಿಮಾ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಆದರೆ ಇಷ್ಟು ವರ್ಷದ ಸರ್ವೀಸಿನಲ್ಲಿ ಒಂದು ಕಂಪ್ಯೂಟರಿನ ಒಂದು ಸ್ಕ್ರೂ ಸಡಿಲಿಸಿದವನಲ್ಲ. ಆದರೂ ಬಳಗದಲ್ಲಿ ಯಾರ ಮನೆಯ ವೈಫೈ ಕೈಕೊಟ್ಟರೂ, ಯಾರ ಪ್ರಿಂಟರ್ ಮುನಿಸಿಕೊಂಡರೂ ಫೋನು ಬರುವುದು ಅವನಿಗೇ. 'ನನಗೆ ಗೊತ್ತಿಲ್ಲ' ಎಂದು ಅವನು ಯಾರಿಗೂ ಅಂದವನಲ್ಲ. ಪಾಪ, ಅನ್ನಲು ಯಾರೂ ಬಿಟ್ಟಿರಲೂ ಇಲ್ಲ.

ಅಂದಿನಿಂದ ರಾತ್ರಿಯ ಊಟ ಮುಗಿದರೆ ತಾಯಿ ಮಗಳು ಪಾತ್ರೆಗಳನ್ನು ಟೇಬಲ್ಲಿನ ಒಂದು ತುದಿಗೆ ಸರಿಸಿ ಲ್ಯಾಪ್‌ಟಾಪಿಗೆ ತಲೆ ತೂರಿಸುವುದು ಶುರುವಾಯಿತು. ಶೈಲಮ್ಮ ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂರುತ್ತಿದ್ದರು.

"ಅದೇನ ಸಿರಿ, ದಿನಾ ಮದರ್‌ಬೋರ್ಡ್ ಮದರ್‌ಬೋರ್ಡ್ ಅಂತೀರಲ್ಲ?"

"ಅಜ್ಜಿ, ಎವ್ರಿಥಿಂಗ್ ಗೋಸ್ ಆನ್ ಇಟ್. ಪ್ರೊಸೆಸರ್, ಮೆಮೊರಿ, ಎಲ್ಲಾ ಇದರ ಮೇಲೇ ಕೂರೋದು. ಇದನ್ನ ರಾಂಗ್ ಆಗಿ ಚೂಸ್ ಮಾಡಿದ್ರೆ ಎಲ್ಲಾ ರಾಂಗ್."

"ಹಂಗಾರ ಒಲೀಕಟ್ಟಿ ಇದ್ದಂಗ ಅನ್ನು."

"ಬರೋಬ್ಬರಿ ಅಂದ್ರಿ ಅತ್ತಿ," ಎಂದು ನಂದಾ ತಲೆಯೆತ್ತಿದಳು. ಅವಳ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಹುರುಪಿತ್ತು. "ಕಟ್ಟಿ ಎಷ್ಟುದ್ದ ಅಂತ ಮೊದಲು ಗೊತ್ತಾಗಬೇಕು. ಮೆಟ್ಟಿಲ ಕೆಳಗ ಇಳಿಜಾರು ಐತಿ, ಹಲಗಿ ಮ್ಯಾಲ ದೊಡ್ಡ ಡಬ್ಬಿ ಕೂಡಂಗಿಲ್ಲ. ಸಣ್ಣ ಕ್ಯಾಬಿನೆಟ್ ತರಸೇನಿ. ಅದರಾಗ ಹಿಡಿಸೂದು ಸಣ್ಣ ಬೋರ್ಡು. ನನ್ನ ಕೆಲಸಕ್ಕ ಅಷ್ಟು ಸಾಕು."

ಆದರೆ ಸಾಕು ಅನ್ನುವುದು ಆ ಮನೆಯಲ್ಲಿ ಅಷ್ಟು ಸುಲಭದ ಮಾತಾಗಿರಲಿಲ್ಲ. ಪ್ರಸಾದ ಹಾಲು ಕುಡಿಯಲು ಕೆಳಗೆ ಬಂದವನು ಹೆಗಲ ಮೇಲಿಂದ ಇಣುಕಿ, "ನಾಕು ಮೆಮೊರಿ ಹಾಕೂದು ತಗೋ, ಎರಡರದು ಯಾಕ," ಅನ್ನುತ್ತಿದ್ದ. ಮರುದಿನ, "ನಮ್ಮ ಫೋಟೋ ಎಲ್ಲಾ ಇದರಾಗ ಇಡೋಣು, ಇನ್ನೆರಡು ಡ್ರೈವ್‌ಗೆ ಜಾಗಾ ಬೇಕು," ಅನ್ನುತ್ತಿದ್ದ. ಸಿರಿಗೆ ಬಣ್ಣಬಣ್ಣದ ದೀಪ ಮಿನುಗುವ ಬೋರ್ಡು ಬೇಕು. ನಂದಾ ಎಲ್ಲದಕ್ಕೂ ಹೂಂ ಅಂದು ಕೊನೆಗೆ ಮತ್ತೆ ತನ್ನ ಸಾದಾ, ಸಣ್ಣ ಬೋರ್ಡಿಗೇ ಬರುತ್ತಿದ್ದಳು.

ಶೈಲಮ್ಮನವರ ಸಂಕಟ ಬೇರೆ. ಅದನ್ನವರು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಸಿರಿ ಬಸ್ ಹತ್ತಿದಳು, ಪ್ರಸಾದ ಬಾಗಿಲು ಹಾಕಿಕೊಂಡ ಅಂದರೆ ಮನೆಯಲ್ಲಿ ಉಳಿಯುತ್ತಿದ್ದದ್ದು ಅತ್ತೆ ಸೊಸೆ ಇಬ್ಬರೇ. ಜೊತೆಗೆ ಉಣ್ಣುವುದು, ಮೂರು ಗಂಟೆಗೆ ಚಹಾ, ಆಮೇಲೆ ಕಿಟಕಿ ಪಕ್ಕ ಕೂತು ಮೆಂತ್ಯ ಸೋಸುತ್ತ ಅವರಿವರ ಸುದ್ದಿ. ಕಾರಿಲ್ಲದೆ ಎಲ್ಲಿಗೂ ಹೋಗಲಾಗದ ಊರು, ಹೊರಗೆ ಹಿಮ. ನಂದಾ ಆ ಗೂಡು ಸೇರಿ ಪರದೆಯ ಮುಂದೆ ಕೂತುಬಿಟ್ಟರೆ ತಾನು ಯಾರ ಜೊತೆ ಮಾತಾಡಬೇಕು? ಗೋಡೆಯ ಜೊತೆಯೇ? ಸೊಸೆಗೆ ಕೆಲಸ ಸಿಕ್ಕರೆ ಸಂತೋಷಪಡಬೇಕು ಎಂಬುದು ಗೊತ್ತಿತ್ತು. ಸಂತೋಷ ಮಾತ್ರ ಬರುತ್ತಿರಲಿಲ್ಲ.

ಜನವರಿ ಕೊನೆಯ ಭಾನುವಾರ. ಸಣ್ಣ ಕ್ಯಾಬಿನೆಟ್ ಆಗಲೇ ಮನೆಗೆ ಬಂದು ಮೆಟ್ಟಿಲ ಕೆಳಗಿನ ಹಲಗೆ ಏರಿ ಕೂತಿತ್ತು. ಉಳಿದ ಸಾಮಾನು ತರಲು ಪ್ಯಾಟರ್ಸನ್ ಕಡೆಯ ಅಂಗಡಿಗೆ ನಂದಾ ಹೋಗಬೇಕಿತ್ತು. ಅಷ್ಟರಲ್ಲಿ ಸಿರಿಗೆ ರೊಬೋಟಿಕ್ಸ್ ಪಂದ್ಯ ಬಂತು, ಅವಳನ್ನು ಕರೆದೊಯ್ಯಬೇಕಾಯಿತು. "ನಾ ತರ್ತೇನಿ ಬಿಡು, ಹೆಸರು ಕಳಸು," ಎಂದ ಪ್ರಸಾದ. ನಂದಾ ಒಂದೊಂದೇ ಸಾಮಾನಿನ ಹೆಸರನ್ನು ಅವನ ಫೋನಿಗೆ ಕಳಿಸಿದಳು.

ಸಂಜೆ ಅವನು ಬಂದ. ಎಲ್ಲ ಡಬ್ಬಿಗಳನ್ನೂ ಟೇಬಲ್ಲಿನ ಮೇಲಿಟ್ಟು, ಒಂದನ್ನು ಮಾತ್ರ ಕೈಯಲ್ಲೇ ಹಿಡಿದು ನಿಂತ.

"ನೋಡು, ಎಂಥಾದ್ದು ತಂದೀನಿ."

ನಂದಾ ಡಬ್ಬಿಯ ಮೇಲಿನ ಹೆಸರು ಓದಿದಳು. "ಇದು ನಾ ಹೇಳಿದ್ದಲ್ಲರೀ. ಅದು ಇರಲಿಲ್ಲೇನು?"

"ಇತ್ತು. ಇದು ಅದಕ್ಕಿಂತ ಒಳ್ಳೇದು. ನಾಕು ಮೆಮೊರಿ ಕೂಡ್ತಾವು, ನಾಳೆ ಇನ್ನೊಂದು ಕಾರ್ಡ್ ಹಾಕಬಹುದು. ಒಮ್ಮೆ ತಗೊಂಡ್ರ ಹತ್ತು ವರ್ಷ ತಿರುಗಿ ನೋಡಂಗಿಲ್ಲ."

"ಅಳತಿ ಒಂದು ಸೈಜ್ ದೊಡ್ಡದೈತಿ. ನನ್ನ ಕ್ಯಾಬಿನೆಟ್ಟಿನ್ಯಾಗ ಹಿಡಿಸಂಗಿಲ್ಲ."

"ಹಿಡಿಸತೈತಿ. ಏನರ ಅಡ್ಜಸ್ಟ್ ಆಗತೈತಿ."

"ಅಪ್ಪ, ಇಟ್ ವೋಂಟ್ ಫಿಟ್," ಎಂದಳು ಸಿರಿ. "ಹದಿನೈದು ದಿನದೊಳಗೆ ವಾಪಸ್ ಕೊಡಬಹುದು. ಜಸ್ಟ್ ರಿಟರ್ನ್ ಇಟ್."

"ನಾ ಮಧ್ಯಾಹ್ನೆಲ್ಲಾ ನಿಂತು ಆರಿಸಿ ತಂದದ್ದನ್ನ ವಾಪಸ್ ಕೊಡೂದೇನು? ಐಟಿಯಾಗ ಇರಾಂವ ನಾನೋ ನೀವೋ?"

ಕಿವಿ ಕೆಂಪಾದ ಮಗನನ್ನು ನೋಡಿ ಶೈಲಮ್ಮನವರಿಗೆ ಕರುಳು ಚುರಕ್ ಅಂದಿತು. ಒಂದು ಸೈಜ್ ದೊಡ್ಡದನ್ನು ತರುವ ಚಾಳಿ ಅವನಿಗೆ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿಲ್ಲವೇ! ರಾಣೆಬೆನ್ನೂರಿನಲ್ಲಿ ಅವನ ಶಾಲೆಯ ಅಂಗಿಯನ್ನು ಪ್ರತಿ ವರ್ಷ, ಬೆಳೆಯುವ ಹುಡುಗ ಎಂದು, ಉದ್ದಕ್ಕೂ ಅಗಲಕ್ಕೂ ಬಿಟ್ಟು ಹೊಲಿಸಿದವರು ಅವರೇ. ತೋಳು ಮಡಚಿ ಮಡಚಿ ಹಾಕಿಕೊಂಡು, ಅಂಗಿ ಮೈಗೆ ಸರಿಯಾಗುವ ಹೊತ್ತಿಗೆ ಮೊಣಕೈಯಲ್ಲಿ ಅದು ಹರಿದಿರುತ್ತಿತ್ತು.

"ತೆಗೆದು ಕ್ಯಾಬಿನೆಟ್ಟಿನ ಮುಂದ ಹಿಡಿದು ತೋರಸ್ತೇನಿ," ಎಂದು ನಂದಾ ಡಬ್ಬಿಗೆ ಕೈ ಹಾಕಿದಳು. "ಕಣ್ಣಿಗೆ ಕಂಡ್ರ ನೀವೂ ಒಪ್ಪತೀರಿ."

ಆಗ ಶೈಲಮ್ಮ ಬಾಯಿ ಹಾಕಿದರು. "ತಡಿ ನಂದಾ. ಹೊಸಾ ಕೆಲಸದ್ದು ಹೊಸಾ ಸಾಮಾನು, ಬಂದ ಗಳಿಗ್ಗೆ ಹಂಗ ಹರಕೊಂಡು ಕುಂದರಬಾರದು. ಶಿವರಾತ್ರಿ ಬರಾಕತ್ತೈತಿ. ಅಲ್ಲೀಮಟ ದೇವರ ಮುಂದ ಇರಲಿ, ಅವತ್ತ ತೆಗೀರಿ."

"ಶಿವರಾತ್ರಿಗೆ ಇನ್ನೂ ಮೂರು ವಾರ ಐತ್ರೀ ಅತ್ತಿ. ಅಷ್ಟೊತ್ತಿಗೆ ವಾಪಸ್ ಕೊಡೂ ದಿನಾ ಮುಗೀತಾವು."

"ವಾಪಸ್ ಕೊಡೂ ಮಾತು ಯಾಕ ಮೊದಲ? ಅವ ಹಿಡಿಸತೈತಿ ಅಂತ ಹೇಳಾಕತ್ತಾನಲ್ಲ."

ಪ್ರಸಾದನಿಗೆ ಹೋದ ಜೀವ ಬಂದಂತಾಯಿತು. "ಅವ್ವ ಹೇಳೂದು ಖರೇ ಐತಿ," ಎಂದು ಡಬ್ಬಿಯನ್ನು ತಾನೇ ಒಯ್ದು ದೇವರ ಜಗಲಿಯ ಪಕ್ಕ ಇಟ್ಟು ಮೇಲೆ ಹೋದ. ಎರಡು ವರ್ಷದ ಹಿಂದೆ ಹೊಸ ಕಾರು ಬಂದಾಗ ಶೈಲಮ್ಮ ದಿನ ನೋಡಿರಲಿಲ್ಲ. ಹೊಸ ಕುಕ್ಕರನ್ನು ಅಂಗಡಿಯಿಂದ ತಂದ ಅರ್ಧ ಗಂಟೆಯಲ್ಲಿ ಒಲೆಗೇರಿಸಿದ್ದರು. ಬಸವಣ್ಣನವರ ಮಾತು ಕೇಳಿ ಬೆಳೆದ ಮನೆಯವರಿಗೆ ಗಳಿಗೆ ಮುಹೂರ್ತದ ಗೊಡವೆ ಏನಿದೆ ಎಂದು ತಾವೇ ಬೇರೆಯವರಿಗೆ ಬುದ್ಧಿ ಹೇಳಿದ್ದವರು. ನಂದಾ ಅದನ್ನೇನೂ ಎತ್ತಿ ಆಡಲಿಲ್ಲ. ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿ, ಕುಕ್ಕರ್ ಇಡಲು ಒಳಗೆ ಹೋದಳು.

ಫೆಬ್ರವರಿ ಹಿಮದಲ್ಲಿ ಬಂತು. ಡ್ರೈವ್‌ವೇ ಹಿಮ ತೆಗೆಯುವುದು, ಉಪ್ಪು ಎರಚುವುದು, ಸಿರಿಗೆ ಶೀತ, ಕಷಾಯ, ಒಂದು ದಿನ ಕೆಟ್ಟು ನಿಂತ ಹೀಟರ್, ಹೀಗೆ ದಿನಗಳು ಉರುಳಿದವು. ಶೈಲಮ್ಮ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದಾಗ ಆ ಡಬ್ಬಿಯ ಕಡೆ ನೋಡುತ್ತಿದ್ದರು. ಅದು ಮುಚ್ಚಿಕೊಂಡೇ ಇದೆ ಎಂದು ಒಳಗೊಳಗೇ ನಿರಾಳ. ಆ ನಿರಾಳಕ್ಕೆ ನಾಚಿಕೆಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ನಂದಾ ಡಬ್ಬಿಯ ಪಕ್ಕ ಟೇಪು ಹಿಡಿದು ನಿಂತಿದ್ದಳು.

"ಅತ್ತಿ, ಇವತ್ತ ತೆಗೀಲೇನ್ರಿ? ಇವತ್ತ ತೋರಿಸಿದ್ರ ಇನ್ನೂ ವಾಪಸ್ ಕೊಡಬಹುದು. ಬಿಲ್ಲು ಇವರ ಫೋನಿನ್ಯಾಗ ಐತಿ. ಇವರು ಒಪ್ಪಿದ್ರ ಅಷ್ಟ ಆಗೂದು."

"ಇಷ್ಟು ದಿನಾ ತಡದೀ, ಇನ್ನೊಂದು ವಾರ ತಡೀವಾ. ಬಾ, ಚಾ ಆಗೇತಿ."

ನಂದಾ ಟೇಪು ಸುತ್ತಿ ಚಹಾಕ್ಕೆ ಬಂದು ಕೂತಳು. ಇಬ್ಬರೂ ಕಿಟಕಿಯ ಹೊರಗೆ ಬೀಳುತ್ತಿದ್ದ ಹಿಮ ನೋಡುತ್ತ ಕುಡಿದರು. ಅಂದು ಶೈಲಮ್ಮನವರಿಗೆ ಆ ಚಹಾ ರುಚಿಸಲಿಲ್ಲ.

ಶಿವರಾತ್ರಿ ಭಾನುವಾರ ಬಂತು. ಸಾಬೂದಾಣಿ ಖಿಚಡಿ, ಖರ್ಜೂರ, ಹಣ್ಣು. ಸಿರಿ ಮಾತ್ರ ಉಪವಾಸದ ಹೆಸರಲ್ಲಿ ಒಂದು ಡಬ್ಬಿ ಶೇಂಗಾ ಉಂಡಿ ಖಾಲಿ ಮಾಡಿದ್ದಳು. ಮಧ್ಯಾಹ್ನ ಎಲ್ಲರೂ ಮೆಟ್ಟಿಲ ಕೆಳಗೆ ಸೇರಿದರು. ಶೈಲಮ್ಮ ಡಬ್ಬಿಗೆ ವಿಭೂತಿ ಹಚ್ಚಿದರು. ಪ್ರಸಾದ ಹೊಸ ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತು, ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಕ್ಯಾಬಿನೆಟ್ಟಿನೊಳಗೆ ಇಳಿಸಲು ನೋಡಿದ.

ಅದು ಇಳಿಯಲಿಲ್ಲ. ಅಡ್ಡ ಹಿಡಿದ, ಓರೆ ಹಿಡಿದ. ಕೆಳಗಡೆ ಎರಡು ಬೆರಳಗಲ ಹೊರಗೇ ಉಳಿಯಿತು.

"ಡೋಂಟ್ ಫೋರ್ಸ್ ಇಟ್!" ಎಂದು ಸಿರಿ ಕೂಗಿದಳು.

"ಇದನ್ನ ಸ್ವಲ್ಪ ಕತ್ತರಿಸಿದ್ರ..." ಎಂದು ಅವನು ಕ್ಯಾಬಿನೆಟ್ಟಿನ ತಗಡನ್ನು ಮುಟ್ಟಿ ನೋಡಿದ. ಸಿರಿ ಹಣೆ ಚಚ್ಚಿಕೊಂಡಳು. ಬೋರ್ಡನ್ನು ಮೆಲ್ಲನೆ ಕೆಳಗಿಟ್ಟ. "ಇರಲಿ ಬಿಡು. ದೊಡ್ಡ ಕ್ಯಾಬಿನೆಟ್ ತರೋಣು."

"ದೊಡ್ಡದು ಈ ಹಲಗಿ ಮ್ಯಾಲ ಕೂಡಂಗಿಲ್ಲ," ಎಂದಳು ನಂದಾ.

"ನನ್ನ ರೂಮಿನ್ಯಾಗ ಇಡೋಣು. ನನಗ ಮೀಟಿಂಗ್ ಇಲ್ಲದಾಗ ನೀ ಬಂದು ಮಾಡ್ಕೋ."

"ನಿಮಗ ಮೀಟಿಂಗ್ ಇಲ್ಲದ್ದು ಯಾವಾಗ?"

"ಎಲ್ಲಾದಕ್ಕೂ ಹಿಂಗಂದ್ರ ಹೆಂಗ ನಂದಾ? ನಾ ನಿನಗ ಒಳ್ಳೇದಾಗಲಿ ಅಂತನ ತಂದೀನಿ."

"ನಾ ಕೇಳಿದ್ದು ಒಳ್ಳೇದಲ್ಲರೀ, ಹಿಡಿಸೂದು. ನನಗ ಎಷ್ಟು ಬೇಕು ಅಂತ ನನಗ ಗೊತ್ತಿತ್ತು. ಕೇಳಿದಷ್ಟು ತಂದಿದ್ರ ಆಗಿತ್ತು!"

ಅವಳ ದನಿ ಏರಿದ್ದು ಆ ಮನೆಯಲ್ಲಿ ಅಪರೂಪ. ಪ್ರಸಾದ ಫೋನು ತೆಗೆದು ಅಂಗಡಿಗೆ ಕರೆ ಮಾಡಿದ. ಹದಿನೈದು ದಿನ ಎಂದೋ ಮುಗಿದಿತ್ತು. ಫೋನಿಟ್ಟವನು ತಲೆ ತಗ್ಗಿಸಿ, "ಅವ್ವ ಶಿವರಾತ್ರಿ ತನಕ ಅನ್ನದಿದ್ರ ಅವತ್ತ ಗೊತ್ತಾಗಿರತಿತ್ತು," ಎಂದು ಗೊಣಗಿದ.

"ಅಪ್ಪ, ಸೀರಿಯಸ್ಲಿ? ಯೂ ಆರ್ ಬ್ಲೇಮಿಂಗ್ ಅಜ್ಜಿ?"

ನಂದಾ ಎದ್ದಳು. "ಯಾರಿಗೂ ಏನೂ ಅನಬ್ಯಾಡ್ರಿ. ಮಂಜರಿಗೆ ಆಗಂಗಿಲ್ಲ ಅಂತ ಹೇಳಿಬಿಡತೇನಿ. ಇನ್ನ ಹೊಸದಾಗಿ ಆರಿಸಿ, ತಂದು, ಕಲಿತು, ಮಾರ್ಚಿಗೆ ಮುಗಿಯೂದಲ್ಲ ಇದು."

ಹಾಗಂದವಳು ಅತ್ತಳೇ? ಇಲ್ಲ. ಅತ್ತಿದ್ದರೆ ಶೈಲಮ್ಮ ಸಮಾಧಾನ ಮಾಡುತ್ತಿದ್ದರು, ಅದು ಅವರಿಗೆ ಬರುತ್ತಿತ್ತು. ನಂದಾ ನೇರ ಗ್ಯಾರೇಜಿಗೆ ಹೋಗಿ ಅಲ್ಲಿಗೆ ಸಾಗಿಸಿದ್ದ ಅಕ್ಕಿ ಚೀಲವನ್ನು ಎಳೆದುಕೊಂಡು ಬಂದಳು. ಮೆಟ್ಟಿಲ ಕೆಳಗೆ ಅದನ್ನು ಮೊದಲಿದ್ದಲ್ಲೇ ಇಡಲು, ತಾನೇ ಅಳೆದು ಕೂಡಿಸಿದ ಹಲಗೆಯ ಮುಂದಿನ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿದಳು.

ಶೈಲಮ್ಮನವರಿಗೆ ಅದನ್ನು ನೋಡಲಾಗಲಿಲ್ಲ. ತಾನು ಬೇಡಿಕೊಂಡದ್ದು ಇದನ್ನೇ ಅಲ್ಲವೇ? ನಂದಾ ಮನೆಯಲ್ಲೇ ಇರಲಿ, ಮೂರು ಗಂಟೆಗೆ ಚಹಾಕ್ಕೆ ಬಂದು ಕೂರಲಿ. ದೇವರು ಕೊಟ್ಟೇಬಿಟ್ಟಿದ್ದ. ಆದರೆ ಹೀಗೆ ಮುಖ ಸತ್ತವಳು ಎದುರು ಕೂತು ಕುಡಿಯುವ ಚಹಾ ಯಾರಿಗೆ ಬೇಕು! ಅವರು ನಾಲ್ಕು ಹೆಜ್ಜೆ ಹಾಕಿ, ಮಂಡಿ ನೋವನ್ನೂ ಲೆಕ್ಕಿಸದೆ ತಲೆ ಬಗ್ಗಿಸಿ ಆ ಗೂಡಿನೊಳಗೆ ಹೋಗಿ ಕುರ್ಚಿಯ ಮೇಲೆ ಕೂತುಬಿಟ್ಟರು.

"ಏಳ್ರೀ ಅತ್ತಿ, ಚೀಲಾ ಇಡಬೇಕು."

"ಇಲ್ಲಿ ಚೀಲಾ ಬರಂಗಿಲ್ಲ."

"ಅವ್ವಾ, ತಲಿಗೆ ಹಲಗಿ ಬಡೀತೈತಿ, ಹೊರಗ ಬಾ," ಎಂದ ಪ್ರಸಾದ.

"ಬಡೀಲಿ. ನಾಳೆ ಅಂಗಡಿಗೆ ಹೋಗಿ ಅಕಿ ಹೇಳಿದ್ದು ತರೂದು. ಅಕಿನ ತರಬೇಕು, ನೀ ಹೋಗಬ್ಯಾಡ. ನಾಳೆ ಸಾಲಿಗೂ ಸೂಟಿ ಐತಂತಲ್ಲ, ಸಿರಿನೂ ಬರಲಿ, ನಾನೂ ಬರತೇನಿ. ಹೂಂ ಅನ್ನೂಮಟ ನಾ ಏಳಂಗಿಲ್ಲ."

ಸಿರಿ ಕಿಸಕ್ಕನೆ ನಕ್ಕಳು. ನಂದಾ ನಗಲಿಲ್ಲ. ಅಕ್ಕಿ ಚೀಲವನ್ನು ಮತ್ತೆ ಗ್ಯಾರೇಜಿನ ಕಡೆ ತಿರುಗಿಸಿ, "ಹೂಂ" ಅಂದಳು.

ಮರುದಿನ ಬೆಳಿಗ್ಗೆ ಪ್ರಸಾದ ಕೆಳಗಿಳಿದು ಬಂದಾಗ ಮೂವರೂ ಕೋಟು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದರು.

"ನಾನೂ ಬರಲೇನು?" ಎಂದ. ರಾತ್ರಿ ಸರಿಯಾಗಿ ನಿದ್ದೆ ಮಾಡಿದ ಮುಖವಲ್ಲ ಅದು.

"ಬ್ಯಾಡ್ರಿ," ಎಂದಳು ನಂದಾ. ಗಟ್ಟಿಯಾಗಿಯೇ ಅಂದಳು, ಆದರೆ ಸಿಟ್ಟಿನಿಂದಲ್ಲ. "ನಾವು ಬರೂದ್ರಾಗ ಅನ್ನಕ್ಕಿಡ್ರಿ, ಸಾರು ಬಿಸಿ ಮಾಡ್ರಿ."

ಅವನು ಬಾಗಿಲ ಚಿಲಕ ತೆಗೆದುಕೊಟ್ಟು, "ನೀ ಕಳಿಸಿದ್ದು ಸರಿನ ಇತ್ತು ನಂದಾ. ಯಾವುದು ಹಿಡಿಸತೈತಿ ಅಂತ ನನಗ ಗೊತ್ತಿರಲಿಲ್ಲ, ಅಂಗಡ್ಯಾಗ ಕೇಳಾಕ ಸಂಕೋಚ ಆತು," ಎಂದ. ನಂದಾ ತಲೆಯಾಡಿಸಿ ಹೊರನಡೆದಳು.

ಸಿರಿ ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ನಿದ್ದೆ ಹೋದಳು. ರೂಟ್ ಒನ್ ದಾಟಿ ಟರ್ನ್‌ಪೈಕ್ ಹೆದ್ದಾರಿಯನ್ನು ಕಾರು ಸೇರಿತು. ಶೈಲಮ್ಮ ಕೈಚೀಲದ ಹಿಡಿಕೆಯನ್ನು ತಿರುವುತ್ತ ಕೂತಿದ್ದರು. ಕೊನೆಗೆ ತಡೆಯಲಾಗಲಿಲ್ಲ.

"ನಂದಾ, ಆ ಶಿವರಾತ್ರಿ ಮಾತು ನೆವಾ ಆಗಿತ್ತು. ನೀ ಕೆಲಸಕ್ಕ ಹತ್ತಿದ್ರ ನಾ ಒಬ್ಬಾಕಿ ಆಗತೇನಿ ಅಂತ ಹಂಗ ಅಂದೆ."

"ಗೊತ್ತಿತ್ರೀ ಅತ್ತಿ."

ಶೈಲಮ್ಮ ಸೊಸೆಯ ಕಡೆ ತಿರುಗಿದರು. "ಗೊತ್ತಿತ್ತಾ? ಗೊತ್ತಿದ್ದೂ ಸುಮ್ಮನಿದ್ದೀ? ನನ್ನ ಸಂಗಾಟ ಜಗಳಾಡಬೇಕಿಲ್ಲ?"

ನಂದಾ ಕನ್ನಡಿಯಲ್ಲಿ ನೋಡಿ ಲೇನು ಬದಲಿಸಿದಳು. "ನನಗೂ ಅಂಜಿಕಿ ಇತ್ತು. ಹುಬ್ಬಳ್ಳ್ಯಾಗ ಬಿಟ್ಟ ಕೆಲಸಾ. ಈಗಿನ ಹುಡುಗ್ರು ಎಷ್ಟು ಮುಂದ ಹೋಗ್ಯಾರ. ನನ್ನ ಕೈ ನಡೀತೈತೋ ಇಲ್ಲೋ. ಡಬ್ಬಿ ಮುಚ್ಚಿರೂಮಟ ನನ್ನ ಕೈಲೆ ಆಗತೈತಿ ಅಂತ ಅನಕೊಂಡು ಇರಬಹುದಿತ್ತು. ನೀವು ತಡಿ ಅಂದಾಗ, ಖರೇ ಹೇಳತೇನಿ, ಒಂದು ಮನಸ್ಸಿಗೆ ಹಾಯ್ ಅನಿಸ್ತು."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಮೈಗೆ ಮೈ ತಾಗಿಸಿ ನಿಂತವರು. ಇವಳಿಗೂ ಅಂಜಿಕೆ ಇರಬಹುದೆಂದು ತನಗೆ ಒಮ್ಮೆಯೂ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ದುಃಖವಾಯಿತು. ಸ್ಟಿಯರಿಂಗ್ ಹಿಡಿದ ಸೊಸೆಯ ಮುಂಗೈಯನ್ನು ಒಮ್ಮೆ ಸವರಿ ಕೈ ಹಿಂದಕ್ಕೆ ತೆಗೆದುಕೊಂಡರು.

ಅಂಗಡಿಯಲ್ಲಿ ಮದರ್‌ಬೋರ್ಡುಗಳದೇ ಒಂದು ಉದ್ದನೆಯ ಸಾಲಿತ್ತು. ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡ ಹುಡುಗನೊಬ್ಬ ಓಡಿ ಬಂದು, ನಂದಾಳನ್ನು ಬಿಟ್ಟು ಸಿರಿಯ ಜೊತೆ ಮಾತಿಗಿಳಿದ. ಸಿರಿ ತಾಯಿಯ ಕಡೆ ಬೆರಳು ತೋರಿಸಿದಳು. "ಇಟ್ಸ್ ಹರ್ ಬಿಲ್ಡ್."

ಅವನು ದೊಡ್ಡ ಬೋರ್ಡೊಂದನ್ನು ಕೆಳಗಿಳಿಸಿ ಅದರ ಗುಣಗಾನ ಶುರು ಮಾಡಿದ. ಮುಂದೆ ಬೇಕಾಗಬಹುದು, ಮುಂದೆ ಹಾಕಿಸಬಹುದು, ಮುಂದೆ ಬೆಳೆಸಬಹುದು. ಶೈಲಮ್ಮನವರಿಗೆ ಇಂಗ್ಲಿಷ್ ಅಷ್ಟಾಗಿ ತಿಳಿಯದಿದ್ದರೂ ಆ ಧಾಟಿ ತಿಳಿಯಿತು. ನಂದಾ ಎಲ್ಲವನ್ನೂ ಕೇಳಿಸಿಕೊಂಡು, ಪರ್ಸಿನಿಂದ ಟೇಪು ತೆಗೆದು, ಕೆಳಸಾಲಿನ ಒಂದು ಸಣ್ಣ ಡಬ್ಬಿಯ ಪಕ್ಕ ಮೊಣಕಾಲೂರಿ ಕೂತಳು. ಮೇಲೆ ಬರೆದದ್ದನ್ನು ಪೂರ್ತಿ ಓದಿದಳು. ತನ್ನ ಪ್ರೊಸೆಸರಿನ ಹೆಸರು ಹೇಳಿ ಅದಕ್ಕೆ ಹೊಂದುತ್ತದೆಯೇ ಎಂದು ಆ ಹುಡುಗನನ್ನು ಕೇಳಿದಳು. ಮನೆಯಲ್ಲಿರುವ ಮೆಮೊರಿಗೆ ಹೊಂದುತ್ತದೆಯೇ ಎಂದು ಕೇಳಿದಳು. ತಿಳಿಯದ ಒಂದು ಮಾತನ್ನು ಎರಡನೇ ಸಲ ಹೇಳಿಸಿದಳು.

"ಯಾಕಮ್ಮ, ಎರಡೇ ಮೆಮೊರಿ ಸ್ಲಾಟ್ ಸಾಕಾ? ಶೂರ್?" ಎಂದಳು ಸಿರಿ.

"ಇಲ್ಲದ ಪಾತ್ರೆಗೆ ಕಪಾಟು ಬರೀಬಾರದು ಅಂತ ನಮ್ಮ ಸರ್ ಹೇಳತಿದ್ರು. ಇದ್ದ ಪಾತ್ರೆ ಮೊದಲು ಹಿಡಿಸಬೇಕು." ಡಬ್ಬಿಯನ್ನು ಎತ್ತಿಕೊಂಡು ನಿಂತವಳು, ರೂಢಿಯಂತೆ ಅತ್ತೆಯ ಕಡೆ ತಿರುಗಿದಳು. "ಏನಂತೀರಿ ಅತ್ತಿ? ಇದನ್ನ ತಗೊಳ್ಳೋಣೇನು?"

ಶೈಲಮ್ಮನವರ ನಾಲಿಗೆಯ ತುದಿಗೆ ಮಾತು ಬಂದಿತ್ತು. ಬಣ್ಣ ಕಪ್ಪಾಯಿತಲ್ಲ ಎಂದೋ, ಇಷ್ಟು ಸಣ್ಣದೇ ಎಂದೋ, ಏನಾದರೊಂದು. ನುಂಗಿಕೊಂಡರು.

"ನನ್ನೇನು ಕೇಳತೀ? ಕುಂದರಾಕಿ ನೀನು."

ನಂದಾ ತನ್ನ ಕಾರ್ಡು ಕೊಟ್ಟು ತೆಗೆದುಕೊಂಡಳು. ಪಾರ್ಕಿಂಗ್ ಲಾಟಿನಲ್ಲಿ ಗಾಳಿ ಮುಖಕ್ಕೆ ರಾಚುತ್ತಿತ್ತು. ಮೂವರೂ ಓಡುವವರಂತೆ ಬಂದು ಕಾರು ಸೇರಿದರು. ನಂದಾ ಹೀಟರ್ ಹಾಕಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲಿನ ಅಳತೆಯನ್ನು ಇನ್ನೊಮ್ಮೆ ಓದಿದಳು. ಇನ್ನು ಮುಂದೆ ಮೂರು ಗಂಟೆಯ ಚಹಾ ತಾನೊಬ್ಬಳೇ ಕುಡಿಯಬೇಕಾದೀತು ಎಂಬ ಯೋಚನೆ ಶೈಲಮ್ಮನವರಿಗೆ ಬಂತು. ಬಂದದ್ದನ್ನು ಬರಗೊಟ್ಟರು.

"ಅತ್ತಿ, ಇದನ್ನ ಯಾವತ್ತ ತೆಗೀಲಿ?" ಎಂದಳು ನಂದಾ.

"ಈಗ ತೆಗಿ."

"ಇಲ್ಲೇ? ಕಾರಿನ್ಯಾಗ?"

"ಇಲ್ಲೇ. ಟೇಪ್ ಹಚ್ಚಿ ಅಳದು ನೋಡು, ಹಿಡಿಸದಿದ್ರ ಇಲ್ಲೇ ಇಳಿದು ಬದಲಿ ಮಾಡೋಣು."

"ಅಜ್ಜಿ!" ಎಂದು ಸಿರಿ ಹಿಂದಿನಿಂದ ಮುಂದಕ್ಕೆ ಬಾಗಿದಳು. "ಒಳಗಿನ ಬೆಳ್ಳಿ ಬಣ್ಣದ ಬ್ಯಾಗ್ ಮಾತ್ರ ತೆಗೀಬೇಡಿ, ಸ್ಟ್ಯಾಟಿಕ್ ಕರೆಂಟ್ ಹೊಡೆದು ಬೋರ್ಡ್ ಕೆಡುತ್ತೆ. ಆಮೇಲೆ ನನ್ನ ಕೇಳಬೇಡಿ."

ನಂದಾ ಮುಚ್ಚಳದ ಅಂಟುಪಟ್ಟಿಗೆ ಉಗುರು ಹಾಕಿದವಳು ಅಲ್ಲೇ ತಡೆದಳು. ಅಳುಕೋ ನಗುವೋ ಗೊತ್ತಾಗದ ದನಿಯಲ್ಲಿ ಅಂದಳು:

"ಅತ್ತಿ, ಇವತ್ತ ಅಮಾಸಿ ಐತ್ರಿ."

"ನನಗ ಗೊತ್ತಿಲ್ಲೇನು?" ಎಂದು ಶೈಲಮ್ಮ ಕೈ ಚಾಚಿ ಡಬ್ಬಿಯ ಇನ್ನೊಂದು ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಹರಿ."